ಜೇನು ಸಾಕುವವರಿಗೆ ಮೊದಲ ಪುಸ್ತಕ

ನಮ್ಮ ವಾಚನಾಲಯದ ಕಪಾಟಿನಿಂದ ಹೆಚ್ಚಾಗಿ ಹೊರಗೆ ಹೋಗುವವು ಕಾದಂಬರಿಗಳೇ ಸರಿ. ಆದರೂ ವರ್ಷದಲ್ಲಿ ನಾಲ್ಕಾರು ಮಂದಿಯಾದರೂ ಬಂದು, “ಜೇನು ಸಾಕುವುದನ್ನು ಕಲಿಸುವ ಪುಸ್ತಕವಿದ್ದರೆ ಕೊಡಿ” ಎಂದು ಕೇಳುವುದುಂಟು. ಇವರಲ್ಲಿ ಕೆಲವರು ಡೊಂಬಿವಲಿ, ಕಲ್ಯಾಣಗಳಿಂದ ಮೂವತ್ತು ವರ್ಷ ಲೋಕಲ್ ಗಾಡಿಯಲ್ಲಿ ಓಡಾಡಿ, ನಿವೃತ್ತಿಯಾದೊಡನೆ ಪುತ್ತೂರು, ಶಿರಸಿ, ಹೊನ್ನಾವರಗಳ ತೋಟಕ್ಕೆ ಹಿಂತಿರುಗಬೇಕೆಂದಿರುವವರು. ಕೆಲವರು ಬದಲಾಪುರ, ಮುರಬಾಡದ ಕಡೆ ತುಂಡು ಭೂಮಿ ಕೊಂಡವರು. ಇನ್ನು ಕೆಲವರು ಠಾಣೆ, ನವಿ ಮುಂಬಯಿಗಳ ಕಟ್ಟಡದ ಗಚ್ಚಿನ ಮೇಲೆ ಒಂದು ಪೆಟ್ಟಿಗೆ ಇಡಬಹುದೇ ಎಂದು ವಿಚಾರಿಸುವವರು. ಎಲ್ಲರಿಗೂ ಕೈಗೆ ಸಿಕ್ಕಿದ ಒಂದೇ ಪುಸ್ತಕ ಕೊಟ್ಟು ಕಳುಹಿಸುವುದು ನಮ್ಮ ವಾಡಿಕೆಯಾಗಿತ್ತು. ಅದು ತಪ್ಪೆಂದು ನಮಗೆ ತಿಳಿದ ಬಗೆಯನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಹಿರಿಯ ಸದಸ್ಯರೊಬ್ಬರು ಊರಿಗೆ ಹೊರಟಾಗ ಒಂದು ಹಳೆಯ ಜೇನು ಪುಸ್ತಕವನ್ನು ಅವರ ಕೈಗಿತ್ತೆವು. ಒಳ್ಳೆಯ ಕನ್ನಡದಲ್ಲಿ ಬರೆದ ಪುಸ್ತಕ, ಚಿತ್ರಗಳೂ ಇದ್ದವು. ಅವರು ಅದನ್ನು ಎರಡು ಸಲ ಓದಿ ಎರಡು ಪೆಟ್ಟಿಗೆ ಇಟ್ಟರು. ಮೊದಲನೆಯ ವರ್ಷ ಎಲ್ಲವೂ ಸರಿಯಾಗಿಯೇ ನಡೆಯಿತು. ಎರಡನೆಯ ವರ್ಷ ಒಂದು ಪೆಟ್ಟಿಗೆಯಲ್ಲಿ ಮರಿಗಳು ಸಾಯತೊಡಗಿ ಸಂಸಾರ ಬಡವಾಯಿತು. ಬಡ ಸಂಸಾರಕ್ಕೂ ಬಲವಾದ ಸಂಸಾರಕ್ಕೂ ಎರಿಗಳನ್ನು ಅದಲುಬದಲು ಮಾಡಿ ಸರಿದೂಗಿಸಬಹುದೆಂದು ಪುಸ್ತಕದಲ್ಲಿತ್ತು. ಅವರು ಹಾಗೆಯೇ ಮಾಡಿದರು. ತಿಂಗಳೆರಡರಲ್ಲಿ ಎರಡು ಪೆಟ್ಟಿಗೆಗಳೂ ಬರಿದಾದವು. ಅದು ಅಂಟುರೋಗವಾಗಿತ್ತು. ಪುಸ್ತಕ ಅಚ್ಚಾದ ಕಾಲಕ್ಕೆ ಆ ರೋಗ ನಮ್ಮ ಸೀಮೆಗೆ ಬಂದಿರಲೇ ಇಲ್ಲವಾದ್ದರಿಂದ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಮುಂದೆ ಮದುವೆಯೊಂದಕ್ಕೆ ಡೊಂಬಿವಲಿಗೆ ಬಂದಾಗ ಆ ಹಿರಿಯರು ಪುಸ್ತಕವನ್ನು ಮರಳಿಸಿದರು. ಒಳಗೆ ಒಂದು ಚೀಟಿ ಇತ್ತು: “ಇದನ್ನು ಇನ್ನೊಬ್ಬರಿಗೆ ಕೊಡುವಾಗ ಇಸವಿ ನೋಡಿ ಕೊಡಿ.” ತಪ್ಪು ಅವರದಲ್ಲ, ಗ್ರಂಥಕರ್ತರದೂ ಅಲ್ಲ; ನೋಡದೆ ಕೊಟ್ಟ ನಮ್ಮದು. ಆದಕಾರಣ ಜೇನು ಪುಸ್ತಕವನ್ನು ಪರೀಕ್ಷಿಸುವ ಐದು ಪ್ರಶ್ನೆಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಒಂದನೆಯದು: ಪುಸ್ತಕ ಯಾವ ಜೇನಿನ ಮಾತನ್ನಾಡುತ್ತದೆ? ನಮ್ಮಲ್ಲಿ ಜೇನೆಂದರೆ ಒಂದೇ ಜಾತಿಯಲ್ಲ. ಠಾಣೆ, ನವಿ ಮುಂಬಯಿಗಳ ಎತ್ತರದ ಕಟ್ಟಡಗಳ ಸೂರಿನಡಿ, ನೀರಿನ ಟಾಕಿಯಡಿ ದೊಡ್ಡದೊಂದೇ ಎರಿ ಕಟ್ಟುವುದು ಹೆಜ್ಜೇನು. ಪೊದೆಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವುದು ಕೋಲುಜೇನು. ಇವೆರಡೂ ಬಯಲಿನಲ್ಲಿ ಬಾಳುವವು, ಪೆಟ್ಟಿಗೆಗೆ ಒಗ್ಗುವವಲ್ಲ. ಮರದ ಪೊಟರೆಯಲ್ಲಿ, ಗೋಡೆಯ ಬಿರುಕಿನಲ್ಲಿ ಸಾಲಾಗಿ ಹಲವು ಎರಿ ಕಟ್ಟುವ ತುಡುವೆಯೇ ನಮ್ಮ ಪೆಟ್ಟಿಗೆಯ ಜೇನು. ಕುಟುಕದ ಪುಟ್ಟ ಮುಜಂಟಿ ಬೇರೆ. 1960ರ ದಶಕದಲ್ಲಿ ಪಂಜಾಬಿನ ಕಡೆ ನೆಲೆಗೊಳಿಸಿದ ಯುರೋಪಿನ ಮೆಲ್ಲಿಫೆರಾ ಬೇರೆ. ಈ ಭೇದವನ್ನು ಮೊದಲ ಅಧ್ಯಾಯದಲ್ಲಿಯೇ ಬಿಡಿಸಿ ಹೇಳದ ಪುಸ್ತಕವನ್ನು ಹೊಸಬರು ಕೆಳಗಿಡುವುದು ಲೇಸು. ಹೆಜ್ಜೇನು ಋತುವಿಗೆ ತಕ್ಕಂತೆ ತಾನಾಗಿಯೇ ವಲಸೆ ಹೋಗತಕ್ಕದ್ದು. ಅದಕ್ಕೆ ವಿಷ ಸಿಂಪಡಿಸುವ ಅವಸರ ಬೇಡ ಎಂಬ ಒಂದು ಮಾತಿದ್ದರೆ ಆ ಪುಸ್ತಕ ಪೆಟ್ಟಿಗೆ ಇಡದವರಿಗೂ ಉಪಕಾರಿ.

ಎರಡನೆಯದು: ಪೆಟ್ಟಿಗೆಯ ಅಳತೆ ಯಾರದು? ಎರಿಗಳ ನಡುವೆ ನೊಣಗಳು ಓಡಾಡಲು ಬಿಡುವ ಸಂದನ್ನು ಅವು ಮುಚ್ಚುವುದಿಲ್ಲವೆಂಬ ಗುಟ್ಟನ್ನು ಹಿಡಿದು ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಚೌಕಟ್ಟುಗಳ ಪೆಟ್ಟಿಗೆ ರಚಿಸಿದ. ಅದು ಯುರೋಪಿನ ನೊಣದ ಅಳತೆ. ನಮ್ಮ ತುಡುವೆ ಮೈಯಲ್ಲಿಯೂ ಸಂಸಾರದಲ್ಲಿಯೂ ಚಿಕ್ಕದು. ತಿರುಚಿನಾಪಳ್ಳಿಯ ಫಾದರ್ ನ್ಯೂಟನ್ 1910ರ ದಶಕದಲ್ಲಿ ಇದಕ್ಕೊಪ್ಪುವ ಚಿಕ್ಕ ಪೆಟ್ಟಿಗೆಯನ್ನು ರೂಢಿಗೆ ತಂದರು. ಲ್ಯಾಂಗ್‌ಸ್ಟ್ರಾತ್ ಚೌಕಟ್ಟು ಸುಮಾರು ಒಂದೂವರೆ ಅಡಿ ಉದ್ದ. ನ್ಯೂಟನ್ನರದು ಹೆಚ್ಚುಕಡಿಮೆ ಅದರ ಅರ್ಧ. ವಿಲಾಯತಿ ಪುಸ್ತಕದ ಅಳತೆ ಹಿಡಿದು ಬಡಗಿಯಿಂದ ಪೆಟ್ಟಿಗೆ ಮಾಡಿಸಿದರೆ ತುಡುವೆಗೆ ಅದು ಬರಿದಾದ ಅರಮನೆಯಾಗುತ್ತದೆ. ತುಂಬಲಾರದ ಮೂಲೆಗಳಲ್ಲಿ ಮೇಣದ ಹುಳು ಸೇರುತ್ತದೆ, ನೊಣಗಳು ಪೆಟ್ಟಿಗೆ ಬಿಟ್ಟು ಪರಾರಿಯಾಗುತ್ತವೆ. ಚೌಕಟ್ಟಿಗೆ ಅಂಟಿಸುವ ಅಚ್ಚೊತ್ತಿದ ಮೇಣದ ಹಾಳೆಯೂ ಹಾಗೆಯೇ. ಮೆಲ್ಲಿಫೆರಾದ ಕಣ್ಣು ದೊಡ್ಡದು, ತುಡುವೆಯದು ಸಣ್ಣದು.

ಮೂರನೆಯದು: ಪುಸ್ತಕದ ಪಂಚಾಂಗದಲ್ಲಿ ಮಳೆಗಾಲವಿದೆಯೆ? ಇಂಗ್ಲೆಂಡಿನ ಪುಸ್ತಕ ತೆರೆದರೆ ಹಿಮದಿಂದ ಜೇನನ್ನು ಕಾಪಾಡುವ ಮಾತೇ ಮಾತು. ಅಲ್ಲಿ ಹೊಟ್ಟೆಗಿಲ್ಲದ ಕಾಲ ಚಳಿಗಾಲ. ನಮ್ಮ ಕೊಂಕಣ, ಕರಾವಳಿಗಳಲ್ಲಿ ಅದು ಜೂನ್‌ನಿಂದ ಸೆಪ್ಟೆಂಬರ್. ಹೂವಿದ್ದರೂ ಮಳೆ ತೊಳೆದುಬಿಡುತ್ತದೆ. ನೊಣ ಹೊರಗೆ ಹೊರಡಲಾರದು. ಆಗ ಸಕ್ಕರೆ ಪಾಕ ಕೊಟ್ಟು, ಪೆಟ್ಟಿಗೆಯ ಮೇಲೆ ನೀರು ಬೀಳದಂತೆ ಮಾಡಿ, ಮೇಣದ ಹುಳುವನ್ನೂ ಇರುವೆಯನ್ನೂ ಕಾಯುತ್ತಿರಬೇಕು. ಮಳೆ ಹಿಂದಾದ ಮೇಲೆ ಸಂಸಾರ ಬೆಳೆಯತೊಡಗುತ್ತದೆ; ಜೇನು ಕೂಡುವುದು ಬೇಸಿಗೆಯ ಕಡೆಗೆ. ಹೊಸಬರು ಸಂಸಾರ ತರುವುದೂ ಮಳೆ ನಿಂತ ಮೇಲೆಯೇ ಒಳ್ಳೆಯದು. ಹೂವಿನ ಪಟ್ಟಿಯಲ್ಲಿ ನೇರಳೆ, ಹೊಂಗೆ, ಅಂಟುವಾಳ, ತೆಂಗು ಇವೆಯೆ ಎಂದು ನೋಡಿರಿ. ಠಾಣೆಯ ಯೇವೂರು ಗುಡ್ಡಗಳಲ್ಲಿ ಕುರಿಂಜಿಯ ಬಳಗದ ಕಾರ್ವಿ ಎಂಟು ವರ್ಷಕ್ಕೊಮ್ಮೆ ಒಟ್ಟಾಗಿ ಅರಳುತ್ತದೆ; 2016ರಲ್ಲಿ ಅರಳಿತ್ತು, 2024ರಲ್ಲಿ ಮತ್ತೆ ಅರಳಿತು. ಇಂತಹ ಸಂಗತಿ ದೂರದೇಶದ ಪುಸ್ತಕದಲ್ಲಿ ಸಿಗತಕ್ಕದ್ದಲ್ಲ.

ನಾಲ್ಕನೆಯದು: ಅಚ್ಚಾದ ಇಸವಿ ಯಾವುದು, ರೋಗಗಳ ಅಧ್ಯಾಯದಲ್ಲಿ ಏನಿದೆ? ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗ 1991–92ರಲ್ಲಿ ದಕ್ಷಿಣ ಭಾರತಕ್ಕೆ ಹಬ್ಬಿ, ತುಡುವೆ ಸಂಸಾರಗಳ ಬಹುಪಾಲನ್ನು ನಾಶಮಾಡಿತು. ರೋಗ ತಗಲಿದ ಮರಿಹುಳು ಕೋಶವಾಗುವ ಮುನ್ನವೇ ಕಣ್ಣಿನಲ್ಲಿ ನೆಟ್ಟಗೆ ಮಲಗಿ ಸಾಯುತ್ತದೆ; ಎತ್ತಿದರೆ ನೀರು ತುಂಬಿದ ಚೀಲದಂತೆ ಬರುತ್ತದೆ. ಇದನ್ನು ವಾಸಿಮಾಡುವ ಮದ್ದಿಲ್ಲ. ರೋಗದ ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಹಾಕಕೂಡದು, ಸಂಸಾರವನ್ನು ಬಲವಾಗಿಡಬೇಕು, ರೋಗ ತಡೆದು ಉಳಿದ ಸಂಸಾರಗಳಿಂದ ವಂಶ ಬೆಳೆಸಬೇಕು. ಇಷ್ಟನ್ನಾದರೂ ಹೇಳದ ಪುಸ್ತಕ ತುಡುವೆ ಸಾಕುವವರಿಗೆ ಸಾಲದು. ಹಾಗೆಂದು ಹಳೆಯ ಪುಸ್ತಕವೆಲ್ಲ ಕೆಟ್ಟದ್ದೆಂದು ಅರ್ಥವಲ್ಲ. ರಾಣಿಯ ಬಾಳು, ಎರಿ ಕಟ್ಟುವ ರೀತಿ, ಸಂಸಾರ ಪಾಲಾಗುವ ಲಕ್ಷಣ ಇವು ಬದಲಾಗಿಲ್ಲ. ಹಳೆಯದನ್ನು ಹೊಸದರ ಜೊತೆಗಿಟ್ಟು ಓದಬೇಕು.

ಐದನೆಯದು: ಲಾಭದ ಮಾತು ಎಷ್ಟನೆಯ ಪುಟದಲ್ಲಿ ಬರುತ್ತದೆ? ಮೊದಲ ಪುಟದಲ್ಲಿಯೇ ಬಂದರೆ ಎಚ್ಚರಿಕೆ. ತುಡುವೆಯ ಒಂದು ಪೆಟ್ಟಿಗೆ ಒಳ್ಳೆಯ ಜಾಗದಲ್ಲಿ ವರ್ಷಕ್ಕೆ ಕೆಲವೇ ಕಿಲೋ ಜೇನು ಕೊಡುತ್ತದೆ. ಹತ್ತು ಕಿಲೋ ಬಂದರೆ ಅದು ಭಾಗ್ಯ. ಮೆಲ್ಲಿಫೆರಾದ ಲೆಕ್ಕವನ್ನು ತುಡುವೆಗೆ ಹಚ್ಚಿ ಆಸೆ ತೋರಿಸುವ ಪುಸ್ತಕ ಓದುಗನ ಹಣಕ್ಕೂ ನೊಣದ ಪ್ರಾಣಕ್ಕೂ ಹಿತವಲ್ಲ. ಕುಟುಕಿಸಿಕೊಂಡಾಗ ಮಾಡತಕ್ಕದ್ದೇನು, ಕೆಲವರ ಮೈಗೆ ಅದು ಅಪಾಯಕಾರಿಯೆಂಬುದು, ನೆರೆಹೊರೆಯವರ ಒಪ್ಪಿಗೆ ಬೇಕೆಂಬುದು—ಇವನ್ನು ಹೇಳುವ ಪುಸ್ತಕವೇ ಪ್ರಾಮಾಣಿಕ. ಗಚ್ಚಿನ ಮೇಲೆ ಪೆಟ್ಟಿಗೆ ಇಡಬಯಸುವವರು ಈ ಅಧ್ಯಾಯವನ್ನು ಮೊದಲು ಓದತಕ್ಕದ್ದು.

ಈ ಐದನ್ನೂ ಗೆದ್ದ ಪುಸ್ತಕವೂ ಅರ್ಧ ಗುರುವೇ. ಜಿನೀವಾದ ಹ್ಯೂಬರ್ ಕಣ್ಣು ಕಳೆದುಕೊಂಡವನಾಗಿದ್ದರೂ, ತನ್ನ ಸೇವಕ ಬರ್ನೆನ್ಸನ ಕಣ್ಣಿನಿಂದ ನೋಡಿ ನೋಡಿ, 1792ರಲ್ಲಿ ಜೇನಿನ ವಿಷಯವಾಗಿ ಹೆಸರಾಂತ ಗ್ರಂಥವನ್ನು ಹೊರತಂದ. ನಮಗೂ ಒಬ್ಬ ಬರ್ನೆನ್ಸ ಬೇಕು. ಪೆಟ್ಟಿಗೆಯ ಮುಚ್ಚಳ ತೆಗೆದು, “ಇದು ಮರಿ, ಇದು ಪರಾಗ, ಇದು ರೋಗ” ಎಂದು ಬೆರಳಿಟ್ಟು ತೋರಿಸುವವರು ಬೇಕು. ನಮಗೆ ಹತ್ತಿರದ ಪುಣೆಯಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 1962ರಲ್ಲಿ ಸ್ಥಾಪಿಸಿದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇದೆ. ಮಹಾಬಳೇಶ್ವರದ ಬಳಿಯ ಮಾಂಘರ್ ಗ್ರಾಮವನ್ನು 2022ರಲ್ಲಿ ‘ಮಧಾಚೆ ಗಾವ್’, ಅಂದರೆ ಜೇನಿನ ಊರು ಎಂದು ಘೋಷಿಸಲಾಯಿತು. ಊರಿಗೆ ಹೋಗುವವರಿಗೆ ಪುತ್ತೂರು, ಸುಳ್ಯ, ಕೊಡಗುಗಳಲ್ಲಿ ತಲೆಮಾರಿನಿಂದ ಜೇನು ಸಾಕಿದ ಮನೆಗಳು ಸಿಕ್ಕೇ ಸಿಗುತ್ತವೆ. ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಒಂದು ದಿನ ಅಂಥವರ ಜೊತೆಗೆ ಕಳೆದು, ಅದರಲ್ಲಿರುವುದಕ್ಕೂ ಕಂಡದ್ದಕ್ಕೂ ತಾಳೆ ನೋಡಿರಿ. ಪೆಟ್ಟಿಗೆ ಕೊಳ್ಳುವುದು ಆಮೇಲೆ.

ಈಗ ನಮ್ಮ ಕಪಾಟಿನ ಪ್ರತಿಯೊಂದು ಜೇನು ಪುಸ್ತಕದ ಒಳಹೊದಿಕೆಗೂ ಒಂದು ಬಿಳಿ ಹಾಳೆ ಅಂಟಿಸಿದ್ದೇವೆ. ಮೇಲ್ಗಡೆ ಅಚ್ಚಾದ ಇಸವಿ, ಅದು ಯಾವ ನೊಣದ ಪುಸ್ತಕ, ಏನನ್ನು ಹೇಳಿಲ್ಲ ಎಂಬುದನ್ನು ಬರೆದಿದ್ದೇವೆ. ಆ ಹಿರಿಯರ ಚೀಟಿಯನ್ನೂ ಅದೇ ಹಳೆಯ ಪುಸ್ತಕದಲ್ಲಿ ಹಾಗೆಯೇ ಉಳಿಸಿದ್ದೇವೆ. ಹಾಳೆಯ ಕೆಳಭಾಗ ಖಾಲಿಯಿದೆ. ಊರಲ್ಲಿ ಜೇನು ಸಾಕಿ ಬಲ್ಲ ವಾಚಕರು, ಗೆದ್ದದ್ದಿರಲಿ ಸೋತದ್ದಿರಲಿ, ಅಲ್ಲಿ ನಾಲ್ಕು ಸಾಲು ಬರೆದರೆ ಮುಂದಿನವರಿಗೆ ದೊಡ್ಡ ಉಪಕಾರವಾದೀತು.