ಹಾಡು ಮುಗಿದ ಮೇಲೆ ಓದು

ತಮ್ಮಾ, ಒಂದು ವಾರ ನಾಟಕ, ಇನ್ನೊಂದು ವಾರ ಚಿತ್ರ ಪ್ರದರ್ಶನ, ನಡುನಡುವೆ ಹೊಸ ಕವನ ಸಂಕಲನಗಳು, ಎಲ್ಲದರ ಮೇಲೂ ಬರೆಯುವ ಕೆಲಸ ಸಿಕ್ಕಿದೆ ಅಂದೆ. ಕೇಳಿ ಸಂತೋಷವಾಯಿತು. ರಂಗದ ತಾಲೀಮಿನಲ್ಲಿ ಕೂತೆದ್ದವನಿಗೆ ಕವಿತೆಯ ದನಿ ಬೇಗ ತಿಳಿಯುತ್ತದೆ. ಬೇರೆ ಕಲೆಗಳಿಂದ ಕಿವಿ, ಕಣ್ಣು ಪಳಗಿಸಿಕೋ. ತೀರ್ಪನ್ನು ಮಾತ್ರ ಅಲ್ಲಿಂದ ಎರವಲು ತರಬೇಡ.

ನಮ್ಮಲ್ಲಿ ಎಷ್ಟೋ ಪುಸ್ತಕ ಬಿಡುಗಡೆಗಳು ಗಾಯನದಿಂದಲೇ ಶುರು. ಸಂಕಲನದ ಎರಡು ಮೂರು ಕವಿತೆಗೆ ರಾಗ ಹಾಕಿ, ಹಾರ್ಮೋನಿಯಂ, ತಬಲಾ ಜೊತೆ ಹಾಡುತ್ತಾರೆ. ಆರಿಸುವುದು ಹಾಡಿಗೆ ಒಗ್ಗುವ ಕವಿತೆಯನ್ನೇ. ಪಲ್ಲವಿ ಮತ್ತೆ ಮತ್ತೆ ಬರುತ್ತದೆ, ನಡುವಿನ ಒಂದೆರಡು ನುಡಿ ಬಿಟ್ಟುಹೋಗುತ್ತವೆ. ಆ ಗುಂಗಿನಲ್ಲೇ ಮನೆಗೆ ಬಂದು ಬರೆದರೆ ಅದು ಗಾಯಕರ ವಿಮರ್ಶೆಯಾದೀತು.

ಕೆ.ಎಸ್. ನರಸಿಂಹಸ್ವಾಮಿಯವರನ್ನೇ ನೋಡು. 1942ರ ‘ಮೈಸೂರು ಮಲ್ಲಿಗೆ’ ಹಾಡಾಗಿ ಮನೆಮನೆ ಸೇರಿತು. 1992ರಲ್ಲಿ ನಾಗಾಭರಣರ ಸಿನಿಮಾ, ಅಶ್ವತ್ಥರ ಸಂಗೀತ. ಅದು ಕನ್ನಡದ ಭಾಗ್ಯವೇ. ಆದರೆ ಅವರಿಗೆ 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟದ್ದು ‘ತೆರೆದ ಬಾಗಿಲು’. ಕ್ಯಾಸೆಟ್ಟಿನ ಕೆ.ಎಸ್.ನ. ಅವರನ್ನಷ್ಟೇ ಬಲ್ಲವರು ಆ ಬಾಗಿಲ ತನಕ ಹೋದದ್ದು ಕಡಿಮೆ. ಕವಿ ಬದಲಾದದ್ದು ಅವರಿಗೆ ತಿಳಿಯಲೇ ಇಲ್ಲ.

ಇನ್ನು ಕಂಬಾರರ ‘ಹೇಳತೇನ ಕೇಳ’. ಲಾವಣಿಯ ಧಾಟಿಯ ನೀಳ್ಗವಿತೆ. ಅದೇ ವಸ್ತು ಮುಂದೆ ‘ಋಷ್ಯಶೃಂಗ’ ನಾಟಕವಾಯಿತು. ಇಂಥದ್ದರ ಬಗ್ಗೆ ‘ಜಾನಪದ ಸೊಗಡಿದೆ’ ಎಂದು ಬರೆದು ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಯಾವ ಸೊಗಡು, ಯಾವ ಸಾಲಿನಲ್ಲಿ? ನೀನು ಬೆಳಗಿನವರೆಗೆ ಬಯಲಾಟ ನೋಡಿದವನು. ಹಿಮ್ಮೇಳ ಸಾಲನ್ನು ಎತ್ತಿಕೊಂಡಾಗ ಮುಂದೆ ಹಾಡುವವನಿಗೆ ಉಸಿರಿಗೆ ಬಿಡುವು ಸಿಗುತ್ತದೆ. ಅದೇ ಸಾಲು ಎರಡನೇ ಸಲ ಇಡೀ ಊರೇ ಹೇಳಿದ ಹಾಗೆ ಕೇಳುತ್ತದೆ. ಹೊಸ ಸಂಕಲನದ ಪುಟದಲ್ಲಿ ಒಂದು ಸಾಲು ಮರಳಿ ಬಂದರೆ ಇದನ್ನು ನೆನೆ. ಬಂದದ್ದು ಒಬ್ಬನ ದನಿಯೋ ಹಲವರದೋ? ಬರೀ ಪ್ರಾಸಕ್ಕೆಂದು ಬಂದದ್ದೋ? ಅದನ್ನು ಬರೆ. ಬಯಲಾಟ ನೋಡಿದ ನಿದ್ದೆಗೇಡು ಸಾರ್ಥಕವಾಗುವುದು ಅಲ್ಲಿ.

ಚಿತ್ರದ ಮಾತೂ ಅಷ್ಟೇ. ಹೆಬ್ಬಾರರ ರೇಖೆ ಎಲ್ಲಿ ನಿಲ್ಲುತ್ತದೆಂದು ನೋಡಿ ಅಭ್ಯಾಸವಾದವನಿಗೆ ಅಡಿಗರ ಸಾಲು ಎಲ್ಲಿ ಮುರಿಯುತ್ತದೆ ಎಂಬುದು ಕಣ್ಣಿಗೆ ಬೀಳುತ್ತದೆ. ಮುಖಪುಟ ಚೆನ್ನಾಗಿದ್ದರೆ ಕಲಾವಿದರ ಹೆಸರು ತಪ್ಪದೆ ಬರೆ, ಅದು ಅವರ ಹಕ್ಕು. ಆ ಚೆಲುವಿನ ಅಂಕ ಕವಿತೆಯ ಖಾತೆಗೆ ಹೋಗಬಾರದು.

ಹೊಸಬರ ಮೊದಲ ಸಂಕಲನ ಕೈಗೆ ಬಂದರೆ ಮುನ್ನುಡಿ, ಬೆನ್ನುಡಿ ಕಡೆಗಿರಲಿ. ಹಾಡಲು ಬಾರದ ಒಂದು ಕವಿತೆ ಹುಡುಕಿ ಗಟ್ಟಿಯಾಗಿ ಓದು. ನಾಲಿಗೆ ಎಲ್ಲೋ ತೊಡರುತ್ತದೆ. ಅದು ಕವಿ ಎಡವಿದ್ದೋ, ಬೇಕೆಂದೇ ಇಟ್ಟ ತೊಡಕೋ ಎಂದು ಯೋಚಿಸಿ, ಕಾರಣ ಕೊಟ್ಟು ಒಂದು ಪ್ಯಾರಾ ಬರೆ. ಜಾಗ ಸಾಲದೆ ಸಂಪಾದಕರು ಕತ್ತರಿಸಲು ಹೇಳಿದರೆ ಸಮಾರಂಭದ ವರದಿ ಹೋಗಲಿ, ಆ ಪ್ಯಾರಾ ಬಿಟ್ಟುಕೊಡಬೇಡ.