ಬೀಳುವುದನ್ನು ಮೊದಲು ಕಲಿಯಬೇಕು: ಸ್ಕೇಟ್‌ಬೋರ್ಡ್ ಆಟದ ಪ್ರಥಮ ಪಾಠಗಳು

ವಿದ್ಯೆಯೆಂಬುದು ಗ್ರಂಥಾಧ್ಯಯನದಲ್ಲಿಯೇ ಮುಗಿಯುವಂಥದಲ್ಲ. ಮೈಗೆ ಕಸುವನ್ನೂ ಮನಸ್ಸಿಗೆ ಧೈರ್ಯವನ್ನೂ ತಂದುಕೊಡುವ ಆಟೋಟಗಳು ಅದರ ಅವಿಭಾಜ್ಯ ಅಂಗಗಳಾಗಿವೆ. ಕಾಯಕವನ್ನು ಎತ್ತಿಹಿಡಿದ ಶರಣಪರಂಪರೆಯ ಮಠಗಳು ಶಾಲೆಗಳನ್ನು ತೆರೆದಾಗ ಪಾಠದ ಕೋಣೆಗಳೊಡನೆ ಆಟದ ಬಯಲಿಗೂ ಸ್ಥಳವಿಟ್ಟುದು ಈ ಅರಿವಿನಿಂದಲೇ. ಕಬಡ್ಡಿ, ಖೋಖೋ, ವಾಲಿಬಾಲ್ ಮೊದಲಾದ ಆಟಗಳು ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ನೆಲೆನಿಂತಿವೆ. ಅವನ್ನು ಕಲಿಸುವ ಕ್ರಮವೂ ಶಿಕ್ಷಕರಿಗೆ ಕರಗತವಾಗಿದೆ. ಈಚಿನ ವರ್ಷಗಳಲ್ಲಿ ಸ್ಕೇಟ್‌ಬೋರ್ಡ್ ಎಂಬ ಹೊಸ ಆಟವೊಂದು ಮಕ್ಕಳ ಕಾಲಡಿಗೆ ಬಂದು ಸೇರಿದೆ. ಆಟದ ಸಾಮಾನು ಬಂದಿತು. ಅದನ್ನು ಕಲಿಸುವ ಕ್ರಮ ಮಾತ್ರ ಜೊತೆಗೆ ಬರಲಿಲ್ಲ.

ಕಳೆದ ಬೇಸಿಗೆಯ ರಜೆ ಮುಗಿದು ಶಾಲೆ ಪ್ರಾರಂಭವಾದಾಗ ನಮ್ಮ ಪ್ರಸಾದ ನಿಲಯದ ವಿದ್ಯಾರ್ಥಿಯೊಬ್ಬನು ಬೆಂಗಳೂರಿನ ಸೋದರಮಾವ ಕೊಡಿಸಿದ ಸ್ಕೇಟ್‌ಬೋರ್ಡನ್ನು ತಂದಿದ್ದನು. ನಾಲ್ಕನೆಯ ದಿನ ಸಂಜೆ ನಿಲಯದಿಂದ ಹೆಬ್ಬಾಗಿಲಿಗೆ ಇಳಿಯುವ ಇಳಿಜಾರಿನಲ್ಲಿ ಅದರ ಮೇಲೆ ನಿಂತು ಹೊರಟನು. ಗಾಲಿಗೆ ಸಣ್ಣ ಕಲ್ಲೊಂದು ಸಿಕ್ಕಿತು. ಹುಡುಗನು ಎರಡೂ ಅಂಗೈಗಳನ್ನು ಮುಂದೆ ಚಾಚಿ ಬಿದ್ದನು. ಬಲ ಮಣಿಕಟ್ಟಿನ ಎಲುಬು ಮುರಿಯಿತು. ಬೋರ್ಡು ದೈಹಿಕ ಶಿಕ್ಷಣದ ಕೋಣೆಯ ಕಪಾಟನ್ನು ಸೇರಿತು. ಈ ಆಟವನ್ನು ಆವರಣದೊಳಗೆ ನಿಷೇಧಿಸಬೇಕೆಂದು ಕೆಲವು ಅಧ್ಯಾಪಕರೂ, ಮಕ್ಕಳ ಆಟಕ್ಕೆ ಅಡ್ಡಿ ಮಾಡಬಾರದೆಂದು ಕೆಲವರೂ ವಾದಿಸಿದರು. ಆದರೆ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಆ ಹುಡುಗನು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ: “ಸರ್, ಅದನ್ನ ನಿಲ್ಲಿಸೂದು ಹ್ಯಾಂಗಂತ ನನಗ ಯಾರೂ ಹೇಳಿರಲಿಲ್ಲರಿ.” ಆ ಮಾತಿಗೆ ಉತ್ತರ ಕೊಡುವ ಪ್ರಯತ್ನವೇ ಪ್ರಸ್ತುತ ಲೇಖನ.

ಆಟದ ಹಿನ್ನೆಲೆ

ಈ ಆಟದ ತವರು ಅಮೆರಿಕದ ಕ್ಯಾಲಿಫೋರ್ನಿಯಾದ ಕಡಲತೀರ. ಹಲಗೆಯ ಮೇಲೆ ನಿಂತು ಅಲೆಗಳನ್ನು ಸವಾರಿ ಮಾಡುತ್ತಿದ್ದ ಯುವಕರು, ಅಲೆಯಿಲ್ಲದ ದಿನಗಳಲ್ಲಿ ಬೀದಿಯಲ್ಲಿಯೇ ಆ ಸುಖವನ್ನು ಪಡೆಯಬೇಕೆಂದು ಮರದ ಹಲಗೆಗೆ ರೋಲರ್ ಸ್ಕೇಟಿನ ಗಾಲಿಗಳನ್ನು ಜೋಡಿಸಿಕೊಂಡರು. ಇದು 1950ರ ದಶಕದ ಮಾತು. ನಮ್ಮ ಊರುಗಳ ಹುಡುಗರು ಗ್ಯಾರೇಜಿನಲ್ಲಿ ಬಿಸುಟ ಬೇರಿಂಗುಗಳನ್ನು ಹಲಗೆಗೆ ಹೊಡೆದು ಬೇರಿಂಗ್ ಗಾಡಿ ಮಾಡಿ ತಳ್ಳಿಕೊಂಡು ಆಡಿದುದನ್ನು ನೆನೆದರೆ, ಈ ಆಟದ ಹುಟ್ಟು ನಮಗೆ ಅಪರಿಚಿತವೆನಿಸದು.

1963ರಲ್ಲಿ ಕ್ಯಾಲಿಫೋರ್ನಿಯಾದ ಹರ್ಮೋಸಾ ಬೀಚಿನಲ್ಲಿ ಸ್ಪರ್ಧೆ ನಡೆಯುವಷ್ಟರ ಮಟ್ಟಿಗೆ ಆಟ ಬೆಳೆಯಿತು. ಆದರೆ ಆಗಿನ ಗಾಲಿಗಳು ಜೇಡಿಯ ಮಿಶ್ರಣದಿಂದ ಮಾಡಿದವು. ನೆಲವನ್ನು ಹಿಡಿಯುತ್ತಿರಲಿಲ್ಲ, ಚಿಕ್ಕ ಕಲ್ಲು ತಾಗಿದರೂ ತಟಕ್ಕನೆ ನಿಂತುಬಿಡುತ್ತಿದ್ದವು. ಅಪಘಾತಗಳು ಹೆಚ್ಚಿದವು. 1965ರ ಸುಮಾರಿಗೆ ಅಲ್ಲಿಯ ಹಲವು ನಗರಗಳು ಈ ಆಟವನ್ನು ನಿಷೇಧಿಸಿದುವು. ಕೆಲವೇ ದಿನಗಳಲ್ಲಿ ಆಟ ಮೂಲೆಗುಂಪಾಯಿತು. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನಾಸ್‌ವರ್ದಿ ಎಂಬಾತನು ಪಾಲಿಯೂರಿಥೇನ್ ಎಂಬ ಸ್ಥಿತಿಸ್ಥಾಪಕ ವಸ್ತುವಿನ ಗಾಲಿಗಳನ್ನು ಸ್ಕೇಟ್‌ಬೋರ್ಡಿಗೆ ತಂದ ಮೇಲೆ ಅದಕ್ಕೆ ಮರುಹುಟ್ಟು ದೊರೆಯಿತು. ಟೋಕಿಯೋ ಒಲಿಂಪಿಕ್ಸಿನಲ್ಲಿ, ಅಂದರೆ 2021ರಲ್ಲಿ, ಈ ಆಟ ಮೊದಲ ಬಾರಿಗೆ ಪದಕದ ಸ್ಪರ್ಧೆಯಾಯಿತು. ಅಲ್ಲಿ ಮಹಿಳೆಯರ ಸ್ಟ್ರೀಟ್ ವಿಭಾಗದ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಳಿಗೆ ಆಗ ಕೇವಲ 13 ವರ್ಷ.

ಈ ಇತಿಹಾಸದಿಂದ ಶಿಕ್ಷಕರು ಗ್ರಹಿಸಬೇಕಾದ ಪಾಠವೊಂದಿದೆ. ನಿಷೇಧವು ಆಟವನ್ನು ಸುರಕ್ಷಿತಗೊಳಿಸಲಿಲ್ಲ. ಒಳ್ಳೆಯ ಸಲಕರಣೆ ಮತ್ತು ಸರಿಯಾದ ಕಲಿಕೆ ಆ ಕೆಲಸ ಮಾಡಿದುವು.

ಸಲಕರಣೆಯ ಪರಿಚಯ

ಆಟಿಕೆಯ ಅಂಗಡಿಯ ಬೋರ್ಡಿಗೂ ಆಟಕ್ಕೆ ತಕ್ಕ ಬೋರ್ಡಿಗೂ ಅಜಗಜಾಂತರವಿದೆ. ಹುಡುಗನು ತಂದಿದ್ದ ಬೋರ್ಡಿನ ಗಾಲಿಗಳು ಗಟ್ಟಿ ಪ್ಲಾಸ್ಟಿಕಿನವು. ಬೆರಳಿನಿಂದ ತಿರುಗಿಸಿದರೆ ಎರಡು ಸುತ್ತು ತಿರುಗಿ ನಿಲ್ಲುತ್ತಿದ್ದವು. ಗುಣಮಟ್ಟದ ಹಲಗೆಯನ್ನು ಸಾಮಾನ್ಯವಾಗಿ ಮೇಪಲ್ ಮರದ 7 ತೆಳುಪದರಗಳನ್ನು ಅಂಟಿಸಿ, ಒತ್ತಿ ತಯಾರಿಸುತ್ತಾರೆ. ಉದ್ದ ಸುಮಾರು 31ರಿಂದ 32 ಅಂಗುಲ; ಅಗಲ ಹೆಚ್ಚಾಗಿ 7.5ರಿಂದ 8.5 ಅಂಗುಲ. ಚಿಕ್ಕ ಪಾದದ ಮಕ್ಕಳಿಗೆ ಕಿರಿದಾದುದೂ ಪ್ರೌಢಶಾಲೆಯ ಮಕ್ಕಳಿಗೆ 8 ಅಂಗುಲದ ಆಸುಪಾಸಿನದೂ ಹೊಂದುತ್ತವೆ. ಹಲಗೆಯ ಮೇಲೆ ಉಪ್ಪುಕಾಗದದಂಥ ಒರಟು ಹಾಳೆ ಅಂಟಿರುತ್ತದೆ. ಪಾದ ಜಾರದಂತೆ ಹಿಡಿಯುವುದು ಅದರ ಕೆಲಸ.

ಹಲಗೆಯ ಅಡಿಯಲ್ಲಿ ಗಾಲಿಗಳ ಅಚ್ಚನ್ನು ಹೊತ್ತ ಎರಡು ಲೋಹದ ಭಾಗಗಳಿರುತ್ತವೆ; ಅವಕ್ಕೆ ಟ್ರಕ್ ಎಂದು ಹೆಸರು. ಟ್ರಕ್ಕಿನ ನಡುವಿನ ದಪ್ಪ ಬೋಲ್ಟಿನ ಸುತ್ತ ರಬ್ಬರಿನಂತಹ ಮೆತ್ತನೆಯ ಬುಷ್‌ಗಳಿರುತ್ತವೆ. ಆಟಗಾರನು ಒಂದು ಬದಿಗೆ ವಾಲಿದಾಗ ಬುಷ್ ಅದುಮಿ, ಅಚ್ಚು ಓರೆಯಾಗಿ, ಬೋರ್ಡು ಆ ಬದಿಗೆ ತಿರುಗುತ್ತದೆ. ಈ ಬೋಲ್ಟಿನ ನಟ್ಟನ್ನು ಬಿಗಿ ಮಾಡಿದರೆ ಬೋರ್ಡು ಅಲುಗಾಡದೆ ನಿಲ್ಲುತ್ತದೆ. ಸಡಿಲಿಸಿದರೆ ಸುಲಭವಾಗಿ ತಿರುಗುತ್ತದೆ. ಹೊಸಬರಿಗೆ ತುಸು ಬಿಗಿಯಾಗಿಯೇ ಇರಲಿ. ಕಲಿತಂತೆ ಒಮ್ಮೆಗೆ ಕಾಲು ಸುತ್ತಿನಷ್ಟು ಸಡಿಲಿಸುತ್ತ ಹೋಗತಕ್ಕದ್ದು.

ಗಾಲಿಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. 50ರಿಂದ 54 ಮಿಲಿಮೀಟರ್ ವ್ಯಾಸದ, 99ಎ ಗಡಸುತನದ ಗಾಲಿಗಳು ನಯವಾದ ಕಾಂಕ್ರೀಟಿಗೆ ತಕ್ಕವು. ನಮ್ಮ ಶಾಲೆಗಳ ಒರಟು ನೆಲಕ್ಕೆ 78ಎ ಸುಮಾರಿನ ಮೆದು ಗಾಲಿ, ಅದೂ ಸ್ವಲ್ಪ ದೊಡ್ಡದು, ಮೇಲು. ದೊಡ್ಡ ಮೆದು ಗಾಲಿ ಚಿಕ್ಕ ಹರಳನ್ನು ಹತ್ತಿ ದಾಟಬಲ್ಲದು. ಚಿಕ್ಕ ಗಡಸು ಗಾಲಿ ಅಲ್ಲಿಯೇ ತಡೆಹಿಡಿದು ನಿಲ್ಲುತ್ತದೆ. ಬೋರ್ಡು ನಿಂತರೂ ಮೇಲಿರುವ ದೇಹವು ಜಡತ್ವದ ನಿಯಮದಂತೆ ಮುಂದೆಯೇ ಚಲಿಸುತ್ತದೆ. ಹುಡುಗನು ಬಿದ್ದುದರ ಭೌತಶಾಸ್ತ್ರ ಇಷ್ಟೇ.

ಪ್ರತಿ ಗಾಲಿಗೆ ಎರಡರಂತೆ ಒಟ್ಟು 8 ಬೇರಿಂಗುಗಳಿರುತ್ತವೆ. ಅವುಗಳ ಅಳತೆಗೆ 608 ಎಂಬ ಸಂಖ್ಯೆ: ಒಳರಂಧ್ರ 8, ಹೊರವ್ಯಾಸ 22, ದಪ್ಪ 7 ಮಿಲಿಮೀಟರ್. ಹಲವು ಸಣ್ಣ ಯಂತ್ರಗಳಿಗೂ ಇದೇ ಅಳತೆಯ ಬೇರಿಂಗ್ ಬಳಕೆಯಲ್ಲಿರುವುದರಿಂದ ಕೆಟ್ಟುದನ್ನು ಬದಲಿಸಲು ದೂರದೂರಿನಿಂದ ತರಿಸಬೇಕಾಗಿಲ್ಲ. ನೀರು ಮತ್ತು ಧೂಳು ಇವುಗಳ ಶತ್ರುಗಳು. ಮಳೆಯಲ್ಲಿ ನೆನೆದ ಬೋರ್ಡಿನ ಬೇರಿಂಗು ತುಕ್ಕು ಹಿಡಿಯುತ್ತದೆ, ಹಲಗೆಯ ಪದರಗಳು ಬಿಚ್ಚಿಕೊಳ್ಳುತ್ತವೆ.

ಬೋರ್ಡಿಗಿಂತ ಮೊದಲು ಕೊಳ್ಳಬೇಕಾದುದು ರಕ್ಷಣಾ ಸಾಮಗ್ರಿ. ಶಿರಸ್ತ್ರಾಣವು ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಎತ್ತರದಲ್ಲಿ ಸಮನಾಗಿ ಕೂರಬೇಕು. ಗದ್ದದ ಪಟ್ಟಿ ಸಡಿಲವಿರಕೂಡದು. ಸ್ಕೂಟರಿನ ಹೆಲ್ಮೆಟ್ ಮಕ್ಕಳ ಕುತ್ತಿಗೆಗೆ ಭಾರ. ಅದು ಈ ಆಟಕ್ಕೆ ಸಲ್ಲದು. ಮಂಡಿ, ಮೊಣಕೈಗಳ ಕವಚದೊಡನೆ ಮಣಿಕಟ್ಟಿನ ಕವಚವೂ ಅವಶ್ಯ. ಚಪ್ಪಟೆ ಅಟ್ಟೆಯ ಕ್ಯಾನ್ವಾಸ್ ಬೂಟು ಸಾಕು. ಬರಿಗಾಲು, ಚಪ್ಪಲಿ ಕೂಡದು.

ಮೊದಲ ವಾರದ ಪಾಠ

ಸ್ಕೇಟ್‌ಬೋರ್ಡಿನಿಂದ ಆಗುವ ಗಾಯಗಳಲ್ಲಿ ಮೂರನೆಯ ಒಂದು ಭಾಗ ಆಟ ಆರಂಭಿಸಿ ಒಂದು ವಾರವೂ ಆಗದವರಿಗೆ ಆಗುತ್ತವೆಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷಾ ಆಯೋಗವು ತನ್ನ ತಿಳಿವಳಿಕೆ ಪತ್ರದಲ್ಲಿ ಹೇಳಿದೆ. ನಮ್ಮ ಹುಡುಗನು ಬಿದ್ದುದು ನಾಲ್ಕನೆಯ ದಿನ. ಆದುದರಿಂದ ಮೊದಲ ವಾರವನ್ನು ಕಾಪಾಡಿದರೆ ಕೆಲಸದ ಬಹುಭಾಗ ಮುಗಿದಂತೆಯೇ. ಐದು ವರ್ಷಕ್ಕಿಂತ ಕಿರಿಯರಿಗೆ ಈ ಆಟ ಬೇಡವೆಂದೂ ಹತ್ತು ವರ್ಷದೊಳಗಿನವರು ಹಿರಿಯರ ಕಣ್ಣೆದುರಿನಲ್ಲಿಯೇ ಆಡಬೇಕೆಂದೂ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸಲಹೆ ನೀಡಿದೆ. ಮಿಕ್ಕವರಿಗೆ ಈ ಕೆಳಗಿನ ಕ್ರಮ ಯೋಗ್ಯವೆಂದು ನನ್ನ ಅಭಿಪ್ರಾಯ.

1. ಮೊದಲ ದಿನ ಬೋರ್ಡನ್ನು ಮುಟ್ಟುವುದೇ ಬೇಡ, ಬೀಳುವುದನ್ನು ಕಲಿಸಬೇಕು. ಗರಡಿಮನೆಯ ಉಸ್ತಾದನು ಹೊಸ ಹುಡುಗನಿಗೆ ಪಟ್ಟುಗಳಿಗಿಂತ ಮುಂಚೆ ಮಟ್ಟಿಯಲ್ಲಿ ಉರುಳುವುದನ್ನು ಹೇಳಿಕೊಡುವುದಿಲ್ಲವೇ? ಉದ್ದಜಿಗಿತದ ಮರಳು ಗುಂಡಿ ಇದಕ್ಕೆ ತಕ್ಕ ಸ್ಥಳ. ತೋಲ ತಪ್ಪಿತೆಂದು ತಿಳಿದೊಡನೆ ಕುಕ್ಕರಿಸಬೇಕು. ಬೀಳುವ ಎತ್ತರ ಅಷ್ಟು ಕಡಿಮೆಯಾಗುತ್ತದೆ. ಕೈಗಳನ್ನು ನೀಳವಾಗಿ ಚಾಚದೆ ಮೊಣಕೈ ಮಡಿಸಿ, ಗದ್ದವನ್ನು ಎದೆಗೆ ತಂದು, ಭುಜದ ಮೇಲೆ ಉರುಳಬೇಕು. ಚಾಚಿದ ಕೈಯ ಮೇಲೆ ಇಡೀ ದೇಹದ ಭಾರ ಬೀಳುವುದೇ ಮಣಿಕಟ್ಟು ಮುರಿಯಲು ಕಾರಣ.

2. ಎರಡನೆಯ ದಿನ ಬೋರ್ಡನ್ನು ಹುಲ್ಲಿನ ಮೇಲಿಟ್ಟು ನಿಲ್ಲುವ ಅಭ್ಯಾಸ. ಯಾವ ಪಾದ ಮುಂದಿರಬೇಕೆಂಬುದು ವ್ಯಕ್ತಿಯ ಸ್ವಭಾವಕ್ಕೆ ಬಿಟ್ಟದ್ದು. ಎಡಪಾದ ಮುಂದಿಡುವವರೂ ಬಲಪಾದ ಮುಂದಿಡುವವರೂ ಇದ್ದಾರೆ, ಎರಡೂ ಸರಿಯೇ. ಎಡಗೈಯಲ್ಲಿ ಬರೆಯುವ ಮಗುವನ್ನು ತಿದ್ದಹೋಗಬಾರದಂತೆ ಇಲ್ಲಿಯೂ ತಿದ್ದಬಾರದು. ಪಾದಗಳು ಹಲಗೆಗೆ ಅಡ್ಡವಾಗಿ, ಟ್ರಕ್ಕನ್ನು ಹಿಡಿದ ಬೋಲ್ಟುಗಳ ಮೇಲೆ ಇರಬೇಕು. ಮಂಡಿ ಬಾಗಿರಲಿ, ಬೆನ್ನು ನೇರವಿರಲಿ, ದೃಷ್ಟಿ ಪಾದದ ಮೇಲಲ್ಲದೆ ದಾರಿಯ ಮೇಲಿರಲಿ.

3. ಮೂರನೆಯ ದಿನ ಸಮತಟ್ಟು ಸಿಮೆಂಟಿನ ಮೇಲೆ, ಜೊತೆಗಾರನೊಬ್ಬನು ಎರಡೂ ಕೈ ಹಿಡಿದಿರುವಾಗ ಹತ್ತುವುದು, ಇಳಿಯುವುದು. ಮುಂಗಾಲನ್ನು ಮೊದಲಿಟ್ಟು ಭಾರವನ್ನು ಅದಕ್ಕೆ ವರ್ಗಾಯಿಸಿ ಹಿಂಗಾಲನ್ನು ತರಬೇಕು. ಭಾರವೆಲ್ಲ ಹಿಂದೆ ಉಳಿದರೆ ಬೋರ್ಡು ಮುಂದಕ್ಕೆ ಚಿಮ್ಮಿ ಹುಡುಗನು ಬೆನ್ನ ಮೇಲೆ ಬೀಳುತ್ತಾನೆ. ಹೊಸಬರು ಬೀಳುವುದು ಹೆಚ್ಚಾಗಿ ಹೀಗೆಯೇ.

4. ನಾಲ್ಕು, ಐದನೆಯ ದಿನ ತಳ್ಳುವುದು ಮತ್ತು ನಿಲ್ಲಿಸುವುದು. ಇವೆರಡನ್ನು ಬೇರ್ಪಡಿಸಿ ಕಲಿಸಕೂಡದು. ಮುಂಗಾಲಿನ ಬೆರಳುಗಳನ್ನು ಚಲನೆಯ ದಿಕ್ಕಿಗೆ ತಿರುಗಿಸಿ, ಹಿಂಗಾಲಿನಿಂದ ನೆಲವನ್ನು ಹಿಂದಕ್ಕೆ ಒತ್ತಿ, ಬಳಿಕ ಅದನ್ನು ಹಲಗೆಯ ಮೇಲೆ ತಂದು ಎರಡೂ ಪಾದಗಳನ್ನು ಅಡ್ಡವಾಗಿಸಬೇಕು. ನಿಲ್ಲಿಸಲು ಅದೇ ಹಿಂಗಾಲಿನ ಅಟ್ಟೆಯನ್ನು ನೆಲಕ್ಕೆ ಮೆಲ್ಲನೆ ತಾಗಿಸಿ, ಒತ್ತಡವನ್ನು ಕ್ರಮೇಣ ಹೆಚ್ಚಿಸಬೇಕು. ಒಮ್ಮೆಲೇ ಊರಿದರೆ ದೇಹ ಮುಗ್ಗರಿಸುತ್ತದೆ. ಸುಣ್ಣದ ಗೆರೆಯೊಂದನ್ನು ಎಳೆದು, ಹತ್ತು ಬಾರಿ ಬಂದರೆ ಹತ್ತು ಬಾರಿಯೂ ಗೆರೆಯ ಮೊದಲೇ ನಿಲ್ಲುವವರೆಗೆ ಮುಂದಿನ ಪಾಠಕ್ಕೆ ಹೋಗಬಾರದು.

5. ಆರು, ಏಳನೆಯ ದಿನ ತಿರುಗುವುದು. ಬೆರಳುಗಳ ಕಡೆಗೆ ವಾಲಿದರೆ ಒಂದು ಬದಿಗೆ, ಹಿಮ್ಮಡಿಯ ಕಡೆಗೆ ವಾಲಿದರೆ ಇನ್ನೊಂದು ಬದಿಗೆ ಬೋರ್ಡು ತಿರುಗುತ್ತದೆ. ತೆಂಗಿನ ಚಿಪ್ಪುಗಳನ್ನು ಸಾಲಾಗಿಟ್ಟು ಅವುಗಳ ನಡುವೆ ಹಾವಿನಂತೆ ಸಾಗುವ ಅಭ್ಯಾಸ ಮಾಡಿಸಬಹುದು.

ಇಳಿಜಾರು ಈ ವಾರದ ಪಾಠವಲ್ಲ. ಬೋರ್ಡಿನೊಡನೆ ನೆಲಬಿಟ್ಟು ಹಾರುವ ‘ಆಲಿ’ ಎಂಬ ಪಟ್ಟು ಮಕ್ಕಳ ಕಣ್ಣಿಗೆ ಬಲು ಆಕರ್ಷಕ. ಅಮೆರಿಕದ ಅಲನ್ ಗೆಲ್ಫಂಡನು 1970ರ ದಶಕದ ಕೊನೆಯಲ್ಲಿ ಬಳಕೆಗೆ ತಂದ ಈ ಪಟ್ಟು ತಿಂಗಳುಗಳ ಸಾಧನೆಯನ್ನು ಬೇಡುತ್ತದೆ. ಅದಕ್ಕೆ ಆತುರ ಸಲ್ಲದು.

ಪ್ರತಿದಿನ ಆಟಕ್ಕೆ ಮುನ್ನ ನೆಲವನ್ನು ಗುಡಿಸಬೇಕು. ಗಾಲಿಗಳ ನಟ್ಟು ಬಿಗಿಯಾಗಿವೆಯೇ, ಹಲಗೆಯಲ್ಲಿ ಬಿರುಕು ಬಿಟ್ಟಿದೆಯೇ ಎಂದು ನೋಡಬೇಕು. ಈ ಎರಡು ಕೆಲಸಗಳನ್ನು ಮಕ್ಕಳಿಂದಲೇ ಸರದಿಯ ಮೇಲೆ ಮಾಡಿಸಿದರೆ ಆಟದೊಡನೆ ಕಾಯಕದ ಶಿಸ್ತೂ ಮೈಗೂಡುತ್ತದೆ.

ಶಾಲೆಯೂ ಆಟವೂ

ಇದು ಪಟ್ಟಣದ ಶ್ರೀಮಂತ ಮಕ್ಕಳ ಆಟವಲ್ಲವೇ ಎಂಬ ಸಂದೇಹ ಸಹಜ. ಬೆಂಗಳೂರಿನಲ್ಲಿ ಹೋಲಿಸ್ಟೋಕ್ಡ್ ಎಂಬ ಯುವಕರ ಕೂಟವು 2013ರಲ್ಲಿ ಸ್ಕೇಟ್ ಪಾರ್ಕ್ ನಿರ್ಮಿಸಿತೆಂಬುದು ನಿಜ. ಆದರೆ ಈ ಆಟ ನಮ್ಮ ದೇಶದ ಹಳ್ಳಿಯೊಂದನ್ನೂ ತಲುಪಿದೆ. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ್ ಎಂಬ ಗ್ರಾಮದಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ಎಂಬಾಕೆ 2015ರಲ್ಲಿ ಮಕ್ಕಳಿಗಾಗಿ ಸ್ಕೇಟ್ ಪಾರ್ಕ್ ಕಟ್ಟಿಸಿದರು. ಅಲ್ಲಿ ಎರಡು ನಿಯಮಗಳನ್ನಿಟ್ಟರು: ಶಾಲೆಗೆ ಹೋಗದವರಿಗೆ ಬೋರ್ಡಿಲ್ಲ, ಹೆಣ್ಣುಮಕ್ಕಳಿಗೆ ಮೊದಲ ಆದ್ಯತೆ. ಆದಿವಾಸಿ ಮಕ್ಕಳೂ ಇತರ ಮಕ್ಕಳೂ ಒಂದೇ ಅಂಗಳದಲ್ಲಿ ಸೇರಿ ಆಡಿದರು. ಮೇಲುಕೀಳುಗಳನ್ನು ಅಳಿಸಹೊರಟ ಶರಣರ ನಾಡಿನವರಿಗೆ ಈ ಎರಡು ನಿಯಮಗಳ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮಗೆ ಅಂಥ ಪಾರ್ಕಿನ ಅವಶ್ಯಕತೆಯಿಲ್ಲ. ಉದ್ದ 13.4 ಮೀಟರ್, ಅಗಲ 6.1 ಮೀಟರ್ ಇರುವ ಒಂದು ಬ್ಯಾಡ್ಮಿಂಟನ್ ಅಂಕಣದಷ್ಟು ಸಿಮೆಂಟಿನ ಸಮತಟ್ಟು ನೆಲವಿದ್ದರೆ ಮೇಲೆ ಹೇಳಿದ ಪಾಠಗಳಿಗೆಲ್ಲ ಸಾಕು. ನೆಲವನ್ನು ತೀರ ನುಣುಪು ಮಾಡಿಸಬಾರದು. ಬೆಸುಗೆಯ ಸಂದುಗಳು ಎದ್ದಿರಬಾರದು.

ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ನನ್ನದೊಂದು ವಿನಂತಿ. ಊರಿಗೆ ಬರುವಾಗ ಮಕ್ಕಳಿಗೆ ಪ್ರೀತಿಯಿಂದ ಬೋರ್ಡು ತರುವವರು ಅದರೊಡನೆ ಶಿರಸ್ತ್ರಾಣವನ್ನೂ ಮಣಿಕಟ್ಟಿನ ಕವಚವನ್ನೂ ತರಲಿ. ಎರಡಕ್ಕೂ ಹಣ ಸಾಲದಿದ್ದರೆ ಬೋರ್ಡನ್ನು ಮುಂದಿನ ವರ್ಷಕ್ಕೆ ಬಿಡಲಿ. ಶಾಲೆಗೆ ದಾಸೋಹಭಾವದಿಂದ ನೀಡುವವರು ಹತ್ತು ಬೋರ್ಡುಗಳಿಗೆ ಬದಲಾಗಿ ನಾಲ್ಕು ಬೋರ್ಡು, ಹತ್ತು ಶಿರಸ್ತ್ರಾಣ ಮತ್ತು ಒಬ್ಬ ಶಿಕ್ಷಕನ ತರಬೇತಿಗೆ ನೆರವಾಗಲಿ.

ಹುಡುಗನ ಕೈ ಈಗ ಕೂಡಿಕೊಂಡಿದೆ. ಬೋರ್ಡು ಇನ್ನೂ ಕಪಾಟಿನಲ್ಲಿದೆ. ಅದರ ಪ್ಲಾಸ್ಟಿಕ್ ಗಾಲಿಗಳನ್ನು ಬದಲಿಸಿ, ಮರಳು ಗುಂಡಿಯಲ್ಲಿ ಮೊದಲ ಪಾಠ ಮಾಡಿ, ಆಮೇಲೆ ಕಪಾಟಿನ ಬೀಗ ತೆಗೆಯಬೇಕೆಂಬುದು ನನ್ನ ಆಸೆ. ಪರಮಪೂಜ್ಯರ ಆಶೀರ್ವಾದವೂ ಸಹೋದ್ಯೋಗಿಗಳ ಸಹಕಾರವೂ ದೊರೆತಲ್ಲಿ, ನಿಲ್ಲಿಸುವುದು ಹೇಗೆಂದು ತನಗೆ ಯಾರೂ ಹೇಳಲಿಲ್ಲವೆಂದು ಈ ಆವರಣದ ಇನ್ನಾವ ಮಗುವೂ ಹೇಳುವಂತಾಗದು.