ಅವರ ಸಂಚಿಕೆ, ಅವರ ಕೈ

ಆಲೂರು

ಚಿ. ಮಗಳಿಗೆ, ಹಾಗೂ ನಿನ್ನಂತೆಯೇ ಲ್ಯಾಪ್‌ಟಾಪ್ ಹೆಗಲಿಗೇರಿಸಿ ಊರೂರು ಸುತ್ತುತ್ತಿರುವ ಎಲ್ಲ ಮಕ್ಕಳಿಗೆ, ಆಶೀರ್ವಾದಗಳು.

ಮೊನ್ನೆ ಸಕಲೇಶಪುರದ ಪತ್ರಿಕೆಯೊಂದರ ಕಚೇರಿಯಲ್ಲಿ ಡೆಮೋ ಕೊಟ್ಟು ಹಿಂದಿರುಗುವಾಗ ಮನೆಗೆ ಬಂದವಳು ಕಾಫಿ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟೆ. "ಒಂದು ಗಂಟೆ ತೋರಿಸಿದೆ ದೊಡ್ಡಪ್ಪ, ಒಂದು ಫೀಚರೂ ಬಿಡಲಿಲ್ಲ. 'ಚೆನ್ನಾಗಿದೆ ಕಣಮ್ಮ, ಯೋಚ್ನೆ ಮಾಡಿ ಹೇಳ್ತೀವಿ' ಅಂದ್ರು" ಎಂದೆ. ಆ ಮಾತಿನ ಅರ್ಥ ನಮ್ಮಿಬ್ಬರಿಗೂ ಗೊತ್ತು. ಅಂದು ನಿನ್ನ ಮುಖ ನೋಡಿ ಏನೂ ಹೇಳಲಾಗಲಿಲ್ಲ. ಇಂದು ಬರೆಯುತ್ತಿದ್ದೇನೆ.

ಒಂದೂ ಬಿಡದೆ ತೋರಿಸಿದ್ದರಿಂದಲೇ ಕೆಲಸ ಕೆಟ್ಟಿತು ಮಗಳೇ. ನೀನು ಮಾರುವ ತಂತ್ರಾಂಶದಲ್ಲಿ ಪತ್ರಿಕೆ ಕಟ್ಟಬಹುದು, ಜಾಲತಾಣ ನಡೆಸಬಹುದು, ಹೋಂಸ್ಟೇ ಕೈಪಿಡಿ ಮಾಡಬಹುದು, ಸಹಕಾರ ಸಂಘದ ವಾರ್ಷಿಕ ವರದಿ ಅಚ್ಚಿಗೆ ಕಳಿಸಬಹುದು. ನೂರು ಕೆಲಸ ಮಾಡುವ ಸರಕನ್ನು ಮಾರುವುದು ಒಂದೇ ಕೆಲಸ ಮಾಡುವ ಸರಕನ್ನು ಮಾರುವುದಕ್ಕಿಂತ ಕಷ್ಟ. "ಇದರಲ್ಲಿ ಎಲ್ಲ ಆಗುತ್ತೆ" ಎಂದರೆ ಎದುರಿಗೆ ಕುಳಿತವರ ಕಣ್ಣಿಗೆ ಏನೂ ಕಾಣುವುದಿಲ್ಲ. ಪ್ರತಿ ತಿಂಗಳು ಅವರನ್ನು ರಾತ್ರಿ ಹನ್ನೊಂದರವರೆಗೆ ಕಚೇರಿಯಲ್ಲಿ ಕೂರಿಸುವ ಕೆಲಸ ಒಂದಿರುತ್ತದೆ. ಆ ಒಂದು ಕೆಲಸ ಹಗುರಾಗುವುದನ್ನು ಅವರು ನೋಡಬೇಕು. ಅದಕ್ಕೆ ಡೆಮೋಗೆ ಮೊದಲು ಒಂದು ಸಲ ಬರಿಗೈಯಲ್ಲಿ ಹೋಗು. ಲ್ಯಾಪ್‌ಟಾಪ್ ತೆರೆಯಬೇಡ. ಅವರು ಸಂಚಿಕೆ ಕಟ್ಟುವುದನ್ನು ಪಕ್ಕದಲ್ಲಿ ಕುಳಿತು ನೋಡು, ಎಲ್ಲಿ ನಿಟ್ಟುಸಿರು ಬಿಡುತ್ತಾರೆಂದು ಗಮನಿಸು.

ಈ ಪಾಠ ನಾನು ಪೆಟ್ಟು ತಿಂದು ಕಲಿತದ್ದು. ಸೀಸದ ಮೊಳೆ ಜೋಡಿಸುತ್ತ ಅಚ್ಚಿನ ಕೆಲಸಕ್ಕೆ ಬಂದವನು, ಆಮೇಲೆ ಡಿಟಿಪಿ ಕಲಿತವನು, ಕೊನೆಗೆ ತಂತ್ರಾಂಶ ಮಾರಲು ಹೊರಟೆ. ಒಂದು ವಾರಪತ್ರಿಕೆಯ ಕಚೇರಿ. ನನ್ನ ಮಾದರಿ ಲೇಖನ ಪರದೆಯ ಮೇಲೆ ಮುತ್ತು ಪೋಣಿಸಿದಂತೆ ಕುಳಿತಿತ್ತು. ಮೂಲೆಯಲ್ಲಿ ಟೈಪ್ ಮಾಡುತ್ತಿದ್ದ ಹೆಣ್ಣುಮಗಳು ಎದ್ದು ಬಂದು ಪೆನ್‌ಡ್ರೈವ್ ಚಾಚಿ, "ಸರ್, ನಮ್ದು ಇದನ್ನ ಹಾಕಿ ನೋಡಾಣ" ಎಂದಳು. ಹಾಕಿದೆ. ಪರದೆ ತುಂಬ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಚುಕ್ಕಿ, ಕಾಲಿಗೆ ಬಾಲ. ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಸಂಪಾದಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಡೆಮೋ ಅಲ್ಲಿಗೆ ಮುಗಿಯಿತು.

ಹೀಗೇಕಾಯಿತು ಎಂಬುದು ನಿನಗೆ ಬಾಯಿಪಾಠವಾಗಿರಬೇಕು. ಕನ್ನಡಕ್ಕೆ ಯುನಿಕೋಡ್‌ನಲ್ಲಿ ಸ್ವಂತ ಸಂಕೇತಗಳು 1991ರ ಮೊದಲ ಆವೃತ್ತಿಯಲ್ಲೇ ಸಿಕ್ಕಿದ್ದವು. ಆದರೆ ನಮ್ಮ ಅಚ್ಚಿನ ಮನೆಗಳಿಗೆ ಕಂಪ್ಯೂಟರ್ ಬಂದದ್ದು ಬೇರೆ ದಾರಿಯಲ್ಲಿ. ಶ್ರೀಲಿಪಿ, 1998ರಲ್ಲಿ ಶೇಷಾದ್ರಿ ವಾಸು ಅವರು ಹೊರತಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಇವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಉಳಿಯುವುದು ಇಂಗ್ಲಿಷ್ ಅಕ್ಷರ ಮಾತ್ರ. ಪೇಜ್‌ಮೇಕರ್ ತನ್ನ ಕೊನೆಯ 7ನೇ ಆವೃತ್ತಿಯವರೆಗೂ ಯುನಿಕೋಡ್ ಕಲಿಯಲೇ ಇಲ್ಲ. ಹೀಗಾಗಿ ಎಷ್ಟೋ ಕಚೇರಿಗಳ ಹತ್ತಿಪ್ಪತ್ತು ವರ್ಷದ ಸಂಚಿಕೆಗಳು ಇಂದಿಗೂ ಆ ಹಳೆಯ ರೂಪದಲ್ಲೇ ಇವೆ. ನಿನ್ನ ಗಿರಾಕಿಯ ಆಸ್ತಿ ಅದು. "ನಮ್ಮ ಹಳೇದೆಲ್ಲ ಇದರೊಳಗೆ ಬರುತ್ತಾ?" ಎಂಬುದು ಅವರು ಕೇಳುವ ಮೊದಲ ಪ್ರಶ್ನೆ. ಬಾಯಿಬಿಟ್ಟು ಕೇಳದಿದ್ದರೂ ಅದೇ ಮೊದಲನೆಯದು.

ಆದ್ದರಿಂದ ಎರಡು ದಿನ ಮೊದಲೇ ಅವರಿಂದ ಒಂದು ಹಳೆಯ ಸಂಚಿಕೆಯ ಫೈಲ್ ತರಿಸಿಕೋ. ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡು, ಆಮೇಲೆ ಸಾಲು ಸಾಲು ಓದು. ಅರ್ಕಾವತ್ತು ಜಾಗ ತಪ್ಪಿರಬಹುದು, 'ರ‍್ಯಾಲಿ' ಎಂಬ ಪದ ಬೇರೇನೋ ಆಗಿರಬಹುದು, ಅಂಕಿಗಳು ಕೆಟ್ಟಿರಬಹುದು. ಎಲ್ಲಿ ಕೆಡುತ್ತದೆಂದು ಅವರಿಗಿಂತ ಮೊದಲು ನಿನಗೆ ಗೊತ್ತಿರಲಿ, ನೀನಾಗಿಯೇ ಹೇಳು. ಶೀರ್ಷಿಕೆ ಪರೀಕ್ಷಿಸಲು ಚಿಕ್ಕ ಪದ ಹಾಕಬೇಡ, 'ಕೆಂಚಮ್ಮನ ಹೊಸಕೋಟೆ' ಎಂದು ಹಾಕು. ಮೊಬೈಲ್ ಪರದೆಯಲ್ಲಿ ಅದು ಎಲ್ಲಿ ಮುರಿಯುತ್ತದೆಂದು ಮನೆಯಲ್ಲೇ ನೋಡಿಕೋ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸಕ್ಕೆ ಒಗ್ಗಿದ ಬೆರಳುಗಳು ಅಲ್ಲಿ ಕಾಯುತ್ತಿರುತ್ತವೆ. ಟೈಪ್ ಮಾಡುವವರು ಹೊಸದಾಗಿ ಏನೂ ಕಲಿಯಬೇಕಿಲ್ಲ ಎಂಬುದನ್ನು ಮೊದಲ ಐದು ನಿಮಿಷದಲ್ಲೇ ತೋರಿಸು.

ಇನ್ನು ಏನು ತೋರಿಸಬೇಕು? ಬೆಳೆಗಾರರ ಪತ್ರಿಕೆಯಾದರೆ ಕಾಫಿ ದರದ ಪಟ್ಟಿಯಿಂದ ಶುರುಮಾಡು. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ: ನಾಲ್ಕೇ ಸಾಲು, 50 ಕಿಲೋ ಚೀಲದ ಲೆಕ್ಕ. ಈಗ ಅದನ್ನು ಪುಟಕ್ಕೊಮ್ಮೆ, ಜಾಲತಾಣಕ್ಕೊಮ್ಮೆ, ವಾಟ್ಸ್ಆ್ಯಪ್‌ಗೊಮ್ಮೆ ಟೈಪ್ ಮಾಡುತ್ತಾರೆ, ಮೂರರಲ್ಲಿ ಒಂದು ಕಡೆ ತಪ್ಪುತ್ತದೆ. ಒಂದು ಅಂಕಿ ಬದಲಾಯಿಸು, ಮೂರೂ ಕಡೆ ಬದಲಾದದ್ದನ್ನು ತೋರಿಸು, ಆಮೇಲೆ ಸುಮ್ಮನಿರು. ಅವರೇ ಮಾತಾಡಲಿ.

ಆಮೇಲೆ ಆನೆಯ ಸೂಚನೆ. ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆ ಎಲ್ಲಿದೆ ಎಂದು ತಿಳಿದ ಮೇಲೆಯೇ ಎಷ್ಟೋ ಕಡೆ ಆಳುಗಳು ಕೆಲಸಕ್ಕೆ ಇಳಿಯುವುದು. ನಿನ್ನೆಯ ಸೂಚನೆ ಇಂದೂ ಉಳಿದುಕೊಂಡರೆ ಜನ ಮುಂದೆ ನಿಜವಾದ ಸೂಚನೆಯನ್ನೂ ನಂಬುವುದಿಲ್ಲ. "ಮಗ್ಗೆ ಸುತ್ತಮುತ್ತ ಆನೆಗಳಿವೆ, ಎಚ್ಚರ" ಎಂದು ಟೈಪ್ ಮಾಡಿ, ಐದು ನಿಮಿಷದಲ್ಲಿ ತಾನಾಗಿ ಅಳಿಯುವಂತೆ ಹೊತ್ತು ಗೊತ್ತುಮಾಡು. ಬೇರೆ ಮಾತಿನ ನಡುವೆ ಅದು ಅವರ ಕಣ್ಣೆದುರೇ ಮಾಯವಾಗಲಿ. 'ಶೆಡ್ಯೂಲಿಂಗ್' ಎಂಬ ಪದವನ್ನು ನೀನು ಎತ್ತಬೇಕಾಗಿಯೇ ಇಲ್ಲ.

ಮೂರನೆಯದು ಭಯ. "ಹುಡುಗರು ಏನೋ ಒತ್ತಿ ಎಲ್ಲ ಹೋದ್ರೆ?" ಎಂದು ಹಿರಿಯರು ಕೇಳುತ್ತಾರೆ. ಮೌಸ್ ಅವರ ಕೈಗೇ ಕೊಡು. "ಈ ಲೇಖನ ಅಳಿಸಿಬಿಡಿ ಸರ್" ಎನ್ನು. ಅಳಿಸಿದ ಮೇಲೆ, ವಾಪಸ್ ತರುವ ಗುಂಡಿಯನ್ನೂ ಅವರೇ ಒತ್ತಲಿ. ವರದಿಗಾರ ಬರೆಯಬಹುದು, ಸಂಪಾದಕರು ಒಪ್ಪದೆ ಪ್ರಕಟವಾಗದು ಎಂಬುದನ್ನೂ ಹಾಗೆಯೇ ಅವರ ಕೈಯಿಂದಲೇ ಮಾಡಿಸು. ನೀನು ಮಾಡಿ ತೋರಿಸಿದ್ದನ್ನು ಜನ ಮೆಚ್ಚುತ್ತಾರೆ, ತಾವೇ ಮಾಡಿದ್ದನ್ನು ನಂಬುತ್ತಾರೆ. ಕೊಳ್ಳುವುದು ನಂಬಿದ ಮೇಲೆ. ಇಷ್ಟಾದ ಮೇಲೆ ನಿಲ್ಲಿಸು. ಉಳಿದ ತೊಂಬತ್ತೇಳು ಫೀಚರುಗಳನ್ನು ಅವರು ಕೇಳಿದಾಗ ತೋರಿಸಿದರಾಯಿತು.

ಮಳೆಗಾಲದಲ್ಲಿ ಹೆತ್ತೂರು, ಹಾನುಬಾಳು ಕಡೆ ಹೋಗುವಾಗ ಕರೆಂಟನ್ನೂ ನೆಟ್‌ವರ್ಕನ್ನೂ ನೆಚ್ಚಬೇಡ. ಲ್ಯಾಪ್‌ಟಾಪ್‌ನಲ್ಲೇ ನಡೆಯುವ ಒಂದು ಪ್ರತಿ ಇರಲಿ, ಬ್ಯಾಟರಿ ತುಂಬಿರಲಿ. ಆದರೆ ಅಂತರ್ಜಾಲ ಇಲ್ಲದೆ ಯಾವುದು ನಡೆಯುವುದಿಲ್ಲ ಎಂಬುದನ್ನು ಮುಚ್ಚಿಡಬೇಡ.

"ವರ್ಡ್‌ಪ್ರೆಸ್ ಬಿಟ್ಟಿ ಸಿಗುತ್ತಂತಲ್ಲ, ನಿಮಗ್ಯಾಕೆ ದುಡ್ಡು ಕೊಡಬೇಕು?" ಎಂದು ಕೇಳಿದರೆ ಬೇಸರಪಡಬೇಡ. 2003ರಿಂದ ಜಗತ್ತೆಲ್ಲ ಬಳಸುತ್ತಿರುವ ತಂತ್ರಾಂಶ ಅದು. ಅವರಿಗೆ ಬರೀ ಜಾಲತಾಣ ಸಾಕಾದರೆ "ಅದೇ ಸಾಕು ಸರ್" ಎನ್ನು. ಅಚ್ಚಿನ ಪುಟವೂ ಬೇಕು, ಹಳೆಯ ಸಂಚಿಕೆಗಳೂ ಬರಬೇಕು, ಕೆಟ್ಟಾಗ ಫೋನ್ ಎತ್ತುವವರೂ ಬೇಕು ಎಂದಾದರೆ ನಿನ್ನ ಬೆಲೆ ಯಾವುದಕ್ಕೆಂದು ಬಿಡಿಸಿ ಹೇಳು. ಗೊತ್ತಿಲ್ಲದ್ದಕ್ಕೆ "ನಾಳೆ ಹೇಳ್ತೀನಿ" ಎಂದು ಬರೆದುಕೋ, ನಾಳೆಯೇ ಹೇಳು. ಈ ಬೆಟ್ಟದ ಸೀಮೆಯಲ್ಲಿ ಒಬ್ಬರಿಗೆ ಸುಳ್ಳು ಹೇಳಿದರೆ ಸಂತೆಯ ದಿನಕ್ಕೆ ಹತ್ತೂರಿಗೆ ತಿಳಿದಿರುತ್ತದೆ, ನಿಜ ಹೇಳಿದರೂ ಅಷ್ಟೇ.

ಇದನ್ನು ಬರೀ ಹೊಟ್ಟೆಪಾಡೆಂದು ಭಾವಿಸಬೇಡ. ಪಕ್ಕದ ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ಹಟ ಹಿಡಿದಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು, ನಮ್ಮ ಹಾಸನದವರ ದುಡಿಮೆಯಿತ್ತು. ಸಣ್ಣ ಊರಿನ ಪತ್ರಿಕೆಯ ಇಪ್ಪತ್ತು ವರ್ಷದ ಬರಹ, ಯಾರದೋ ಮದುವೆ, ಯಾವುದೋ ಪ್ರವಾಹ, ಯಾರೋ ಮೇಷ್ಟರ ಕವಿತೆ, ಹುಡುಕಿದರೆ ಸಿಗುವಂತಾಗುವುದು ನಿನ್ನ ಕೈಯಲ್ಲಿದೆ. ಅಷ್ಟು ಬೆಲೆಯ ಕೆಲಸ ಮಾಡುತ್ತಿದ್ದೀಯ ಎಂಬುದು ನೆನಪಿರಲಿ.

ಸೋಮವಾರ ಸಕಲೇಶಪುರದ ಆ ಕಚೇರಿಗೆ ಫೋನ್ ಮಾಡು. "ಇನ್ನೊಂದು ಡೆಮೋ ಕೊಡ್ತೀನಿ" ಎನ್ನಬೇಡ. "ನಿಮ್ಮದೊಂದು ಹಳೇ ಸಂಚಿಕೆ ಕೊಡಿ ಸರ್, ಹೊಂದಿಸಿಕೊಂಡು ಬರ್ತೀನಿ" ಎನ್ನು. ಅದನ್ನು ಹಿಡಿದು ಮೊದಲು ಇಲ್ಲಿಗೆ ಬಾ, ಇಬ್ಬರೂ ಕುಳಿತು ಅರ್ಕಾವತ್ತು ತಿದ್ದೋಣ. ನಿನ್ನ ದೊಡ್ಡಮ್ಮ ಕಾಫಿ ಕೊಡುತ್ತಾಳೆ, ಈ ಸಲ ಲೋಟ ಖಾಲಿ ಮಾಡಿ ಹೋಗು.

ಇಂತು ನಿನ್ನ
ದೊಡ್ಡಪ್ಪ